ಪೇಪರ್ ಓದುತ್ತಾ ಬಂದವರು

ಇಸ್ತ್ರಿಯ ಬಿಸಿ ವಾಸನೆ ಮೂಗಿಗೆ ಬಡಿದಾಗಲೇ ಅವನಿಗೆ ಖಾತ್ರಿಯಾಯಿತು, ಸಂಜೆಯ ಮೀಟಿಂಗಿಗೆ ಮಾವ ಬಂದೇ ಬರುತ್ತಾರೆ. ಭಾನುವಾರದ ಬೆಳಿಗ್ಗೆ, ಮುಖ ಕೂಡ ತೊಳೆಯದೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದವನು ಬಾಗಿಲ ಸಂದಿಯಿಂದ ನೋಡಿದ. ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ, ಅದರ ಮೇಲೆ ಪ್ಯಾಂಟು ಹರಡಿ, ಮಾವ ಬೆರಳ ತುದಿಯಿಂದ ನೀರು ಚಿಮುಕಿಸುತ್ತ ಗೆರೆ ಕೂರಿಸುತ್ತಿದ್ದರು. ಆಯುಷ್ಯವೆಲ್ಲ ಶಾಲೆಯ ಮೈದಾನದಲ್ಲಿ ಡ್ರಿಲ್ ಮಾಸ್ತರರಾಗಿ ಸೀಟಿ ಊದಿದವರು; ಈಗಲೂ ಬೆನ್ನು ಬಗ್ಗಿಸದೆ ಇಸ್ತ್ರಿ ಮಾಡುತ್ತಾರೆ, ಬೆನ್ನು ಬಗ್ಗಿಸದೆ ಊಟ ಮಾಡುತ್ತಾರೆ. ಮದುವೆಗೆ ಮುಂಚೆ ಹುಡುಗನನ್ನು ನೋಡಲು ಬಂದಾಗಲೂ ಅವರು ಮೊದಲು ಕೇಳಿದ್ದು ಸಂಬಳವನ್ನಲ್ಲ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು. ಮೇಜಿನ ಮೇಲಿದ್ದ ಪ್ಯಾಂಟಿನ ಬಣ್ಣ ಬೂದು. ಇದಲ್ಲ ಆ ಪ್ಯಾಂಟು, ಅದನ್ನು ಅವರು ಮತ್ತೆ ಹಾಕಲೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡ.

"ಇಷ್ಟು ಬೇಗ ಯಾಕೆ ಮಾವ ಇಸ್ತ್ರಿ? ಮೀಟಿಂಗ್ ಇರೋದು ಸಂಜೆ," ಎಂದ, ಹೊರಗೆ ಬಂದು.

"ಸಂಜೆ ಕರೆಂಟ್ ಇರುತ್ತೋ ಇಲ್ವೋ. ನೀವು ಮಾತಾಡೋದನ್ನ ಒಂದ್ಸಲನಾದ್ರೂ ಕೇಳ್ಬೇಕಲ್ಲ. ಆಫೀಸಲ್ಲಿ ಎಲ್ರೂ ನಿಮ್ಮನ್ನ ಕಥೆಗಾರ ಅಂತಾರಂತೆ, ಮಗಳು ಹೇಳ್ತಿದ್ಲು."

"ಅದೆಲ್ಲ ತಮಾಷೆಗೆ ಅಂತಾರೆ."

"ತಮಾಷೆಗೆ ಯಾರಾದ್ರೂ ಸಂಬಳ ಕೊಡ್ತಾರಾ," ಎಂದು ಮಾವ ನಕ್ಕು ಪ್ಯಾಂಟನ್ನು ಮಗ್ಗುಲು ಬದಲಿಸಿ ಹಾಕಿದರು.

ಅವನ ಕಂಪನಿ ಲಿಫ್ಟುಗಳನ್ನು ಮಾರುತ್ತದೆ, ಮಾರಿದ ಮೇಲೆ ನೋಡಿಕೊಳ್ಳುತ್ತದೆ. ಅವನಿರುವ ಕಟ್ಟಡದ ಲಿಫ್ಟು ಬೇರೆ ಯಾವುದೋ ಕಂಪನಿಯದು, ವಾರಕ್ಕೊಮ್ಮೆ ಮುನಿಸಿಕೊಂಡು ನಿಲ್ಲುವಂಥದು. ನಿವಾಸಿಗಳ ಸಂಘದವರು ಅದನ್ನು ಕಿತ್ತು ಹೊಸದು ಹಾಕಿಸಲು ಹೊರಟಿದ್ದರು. ದರ ವಿಚಾರಿಸಿದ ಪತ್ರ ಆಫೀಸಿಗೆ ಬಂದಾಗ ವಿಳಾಸ ನೋಡಿ ಮ್ಯಾನೇಜರರಿಗೆ ಹಿಗ್ಗೋ ಹಿಗ್ಗು. "ಇದು ನಿಮ್ಮನೆ ಅಂಗಳ ಕಣ್ರೀ! ನಿಮ್ಮ ಪೇಪರ್ ಕಥೆ ಹೇಳಿಬಿಡಿ ಸಾಕು. ಈ ಸಲ ನಾನೇ ಬಂದು ಹಿಂದೆ ಕೂತು ನೋಡ್ತೀನಿ." ನೋಡಿದ ಮೇಲೆ ಏನು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲವಾದರೂ ಅದು ಎಲ್ಲರಿಗೂ ಗೊತ್ತಿತ್ತು. ಹೊಸಬರಿಗೆ ಕಥೆ ಹೇಳುವುದನ್ನು ಕಲಿಸುವ ಕೆಲಸಕ್ಕೆ ಒಬ್ಬರನ್ನು ಆರಿಸಬೇಕಿತ್ತು. ಸರಿಬರದಿದ್ದರೆ ಅವನು ಹಿಂದಿನ, ಗ್ರಾಹಕರ ದೂರು ಕೇಳುವ ಮೇಜಿಗೇ ವಾಪಸು. ಆ ಮೇಜಿನಲ್ಲಿ ಕೂತು ವರ್ಷಗಟ್ಟಲೆ ಫೋನಿನಲ್ಲಿ ಬೈಸಿಕೊಂಡಿದ್ದು ನೆನೆದರೆ ಈಗಲೂ ಅವನ ಎಡಗಿವಿ ಬಿಸಿಯಾಗುತ್ತದೆ. ಅಲ್ಲಿ ಅವನಿಗೊಂದು ಹೆಸರೂ ಇರಲಿಲ್ಲ, ಫೋನಿನ ಆಚೆಯವರ ಪಾಲಿಗೆ ಅವನು 'ರೀ ನೀವ್ಯಾರ್ರೀ' ಅಷ್ಟೆ.

ಆ ಮೇಜಿನಿಂದ ಅವನನ್ನು ಎಬ್ಬಿಸಿದ್ದು ತರಬೇತಿಯ ಮೇಡಂ. ಕಂಪನಿ ಆಕೆಯನ್ನು ಎಲ್ಲಿಂದಲೋ ಕರೆಸಿತ್ತು. ಮೋಟಾರಿನ ಶಕ್ತಿ, ಹಗ್ಗದ ದಪ್ಪ, ಬ್ರೇಕಿನ ಗುಣ ಎಂದೆಲ್ಲ ಪಟಪಟನೆ ಒಪ್ಪಿಸುತ್ತಿದ್ದವರನ್ನು ಆಕೆ ಕೈಯೆತ್ತಿ ನಿಲ್ಲಿಸಿದರು. "ಇದ್ಯಾವುದೂ ಮನೆಗೆ ಹೋದ್ಮೇಲೆ ಅವರಿಗೆ ನೆನಪಿರಲ್ಲ. ಒಬ್ಬ ಮನುಷ್ಯನ್ನ ಕೊಡಿ. ಅವನಿಗೊಂದು ತೊಂದ್ರೆ ಕೊಡಿ. ಕಣ್ಣಿಗೆ ಕಟ್ಟೋ ಹಾಗೆ ಒಂದೇ ಒಂದು ವಸ್ತು ಕೊಡಿ. ಸಾಕು." ಒಬ್ಬೊಬ್ಬರೂ ತಮ್ಮದೇ ಒಂದು ಕಥೆ ಕಟ್ಟಬೇಕಿತ್ತು, ಅದು ಆಮೇಲೆ ಅವರದೇ, ಬೇರೆಯವರು ಮುಟ್ಟುವಂತಿಲ್ಲ. ಅವನ ಸರದಿ ಬಂದಾಗ ತಲೆ ಬರಿದಾಗಿತ್ತು. ಅಕ್ಕಪಕ್ಕದವರು ಆಗಲೇ ಕಿಸಕಿಸ ಅನ್ನುತ್ತಿದ್ದರು. ಲಿಫ್ಟಲ್ಲಿ ನಮ್ಮ ಮಾವ ಒಂದ್ಸಲ ಸಿಕ್ಕಿಹಾಕಿಕೊಂಡಿದ್ದರು ಎಂದು ಬಾಯಿಗೆ ಬಂತು. ಅವರು ಹೊರಗೆ ಬಂದಾಗ ನೀವು ಮೊದಲು ಏನು ನೋಡಿದಿರಿ ಎಂದು ಮೇಡಂ ಕೇಳಿದರು, ಎಷ್ಟು ಮೆತ್ತಗೆ ಕೇಳಿದರೆಂದರೆ, ಯಾರಾದರೂ ಹಾಗೆ ಕೇಳಲಿ ಎಂದೇ ಆ ವಿಷಯ ಒಳಗೆ ಕಾದು ಕೂತಿತ್ತೋ ಏನೋ. ಪೇಪರ್, ಎಂದ ಅವನು. ಹೇಳಿ ಮುಗಿಸಿದಾಗ ಕೋಣೆ ಮೊದಲು ನಕ್ಕು, ಆಮೇಲೆ ತಣ್ಣಗಾಗಿ, ಆಮೇಲೆ ಚಪ್ಪಾಳೆ ತಟ್ಟಿತು. ಮೇಡಂ ಒಂದೇ ತಿದ್ದುಪಡಿ ಮಾಡಿದರು. "ಮಾವ ಅಂದ್ರೆ ಜನ ಕೇಳೋಕೆ ಮುಂಚೆನೇ ನಗೋಕೆ ತಯಾರಾಗ್ತಾರೆ. ನಮ್ಮಪ್ಪ ಅನ್ನಿ." ಅವನ ಅಪ್ಪ ಅವನಿಗೆ ಬುದ್ಧಿ ಬರುವ ಮುಂಚೆಯೇ ತೀರಿಹೋಗಿದ್ದರು, ಆ ಮಾತು ಬಾಯಲ್ಲಿ ಆಡಿ ಅಭ್ಯಾಸವೇ ಇರಲಿಲ್ಲ. ಹೇಳುತ್ತ ಹೇಳುತ್ತ ರೂಢಿಯಾಯಿತು. ಹೋದಲ್ಲೆಲ್ಲ 'ನಮ್ಮಪ್ಪ' ಎಂದು ಹೇಳಿ, ಲಿಫ್ಟು ಮಾರಿ, ಮನೆಗೆ ಬಂದು ಮಾವನ ಎದುರು ಊಟಕ್ಕೆ ಕೂರುತ್ತಿದ್ದ.

"ನಿಮ್ಮಪ್ಪನ್ನ ಇವತ್ತು ಕರ್ಕೊಂಡು ಬರ್ಬೇಡ," ಎಂದ ಅಡುಗೆಮನೆಯಲ್ಲಿ ಹೆಂಡತಿಗೆ, ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ.

"ಯಾಕೆ?"

"ಕೆಳಗೆ ಸೆಖೆ. ಪ್ಲಾಸ್ಟಿಕ್ ಕುರ್ಚಿ ಬೇರೆ. ಅವರಿಗೆ ಸುಮ್ನೆ ತೊಂದ್ರೆ."

"ಇಡೀ ದಿನ ಮೈದಾನದಲ್ಲಿ ನಿಂತಿದ್ದೋರಿಗೆ ಕುರ್ಚಿ ಮೇಲೆ ಕೂರೋಕೆ ತೊಂದ್ರೆನಾ?" ಅವಳು ನಲ್ಲಿ ನಿಲ್ಲಿಸಿದಳು. "ನಿಮಗೆ ನಾಚಿಕೆ ಅನ್ಸಿದ್ರೆ ಹಾಗೇ ಹೇಳಿ. ಅಪ್ಪ ಎದ್ದು ನಿಂತು ಏನಾದ್ರೂ ಕೇಳ್ಬಿಡ್ತಾರೆ, ನಿಮ್ಮ ಮ್ಯಾನೇಜರ್ ಮುಂದೆ ಮರ್ಯಾದೆ ಹೋಗುತ್ತೆ ಅಂತ ತಾನೇ?"

ಹೌದು ಎಂದು ಬಿಡಬಹುದಿತ್ತು. ಅವಳು ಸಿಟ್ಟಾಗಿ ಎರಡು ದಿನ ಮಾತು ಬಿಡುತ್ತಿದ್ದಳು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಆದರೆ ಮಾವ ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಬಂದು, ಇಸ್ತ್ರಿಯಾದ ಪ್ಯಾಂಟನ್ನು ತೋಳಿನ ಮೇಲೆ ಹಾಕಿಕೊಂಡು, ಗೆರೆ ನೇರ ಇದೆಯೇ ನೋಡು ಎಂದು ಮಗಳಿಗೆ ತೋರಿಸಿದರು. ಅವನು ಗೆರೆಯನ್ನೇ ನೋಡಿದ. ನೇರ ಇದೆ ಮಾವ, ಎಂದ.

ಮಧ್ಯಾಹ್ನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಬೇರೊಂದು ಕಥೆ ಅಭ್ಯಾಸ ಮಾಡಿದ. ಒಬ್ಬ ಬಸುರಿ, ನಿಂತುಹೋದ ಲಿಫ್ಟು, ಹೆರಿಗೆ ನೋವು. ಕಟ್ಟಿದ ಕಥೆ, ಆದರೇನು, ಸತ್ತವರಾರೂ ಇಲ್ಲ, ಬದುಕಿದವರಾರೂ ಇಲ್ಲ, ಯಾರ ಮುಖವೂ ಕೆಳಗಾಗುವುದಿಲ್ಲ. ಕನ್ನಡಿಯಲ್ಲಿ ತುಟಿ ಆಡುತ್ತಿದ್ದವು, ಕಣ್ಣು ಮಾತ್ರ ಬೇರೆಲ್ಲೋ ಇದ್ದವು. ಕಣ್ಣು ಇದ್ದದ್ದು ಆ ಕನ್ನಡಕದ ಅಂಗಡಿಯ ಕಟ್ಟಡದ ಕೆಳಗೆ. ಮಾವನಿಗೆ ಹೊಸ ಕನ್ನಡಕ ಕೊಡಿಸಲು ಕರೆದುಕೊಂಡು ಹೋಗಿದ್ದ ದಿನ. "ಮೆಟ್ಟಿಲು ಯಾಕೆ ಮಾವ, ಲಿಫ್ಟಲ್ಲಿ ಹೋಗಿ, ನಮ್ಮ ಕಂಪನಿದೇ. ನಾನು ಗಾಡಿ ನಿಲ್ಲಿಸಿ ಬರ್ತೀನಿ." ಗಾಡಿ ನಿಲ್ಲಿಸುವಾಗ ಫೋನ್ ಬಂತು. ಗೋಡೆಗೆ ಒರಗಿ ಮಾತಾಡುತ್ತ ನಿಂತವನಿಗೆ ಗಂಟೆಯ ಸದ್ದು ಕೇಳಿಸಿತ್ತು. ಲಿಫ್ಟಿನ ಅಪಾಯದ ಗಂಟೆ ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾವುದೋ ಮಗು ಒತ್ತಿರಬೇಕು ಎಂದುಕೊಂಡು ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಮಾತು ಮುಂದುವರಿಸಿದ. ಗಂಟೆ ಬಿಟ್ಟು ಬಿಟ್ಟು ಹೊಡೆಯಿತು, ಆಮೇಲೆ ನಿಂತಿತು. ಮೆಕ್ಯಾನಿಕ್ ಬಂದು ಬಾಗಿಲು ಸರಿಸುವ ಹೊತ್ತಿಗೆ ಬಹಳ ಹೊತ್ತಾಗಿತ್ತು, ಜನ ಸೇರಿದ್ದರು. ಮಾವ ಯಾರ ಮುಖವನ್ನೂ ನೋಡದೆ, ಬೆನ್ನು ನೆಟ್ಟಗೆ ಇಟ್ಟುಕೊಂಡು ಹೊರಗೆ ಬಂದರು. ಎದುರಿನ ಅಂಗಡಿಯಿಂದ ಹೊಸ ಪ್ಯಾಂಟು ತಂದುಕೊಟ್ಟು ಅವನು ಮೆಟ್ಟಿಲ ತಿರುವಿನಲ್ಲಿ ಜನ ಬಾರದಂತೆ ಅಡ್ಡ ನಿಂತ. ಬೆನ್ನ ಹಿಂದೆ ಬಟ್ಟೆಯ ಸರಸರ ಕೇಳುತ್ತಿತ್ತು, ಬೆಲ್ಟಿನ ಕೊಂಡಿ ಹಾಕಲು ಬರದೆ ಅದು ಟಿಣಿ ಟಿಣಿ ಅನ್ನುತ್ತಿತ್ತು. "ಅವಳಿಗೆ ಗೊತ್ತಾಗೋದು ಬೇಡ," ಎಂದಿದ್ದರು ಮಾವ. "ಯಾರಿಗೂ ಹೇಳಲ್ಲ ಮಾವ," ಎಂದಿದ್ದ ಇವನು, ಆ ಕ್ಷಣ ಮನಸ್ಸಿಟ್ಟೇ ಹೇಳಿದ್ದ. ಗಂಟೆ ತನಗೆ ಕೇಳಿಸಿತ್ತು ಎಂಬುದನ್ನು ಮಾತ್ರ ಮಾವನಿಗೂ ಹೇಳಲಿಲ್ಲ. ಕಥೆಯಲ್ಲೂ ಅದು ಇಲ್ಲ; ಹೇಳುವವನು ಕಥೆಯೊಳಗೆ ಅಡ್ಡ ಬರಬಾರದು ಎಂದು ಮೇಡಂ ಹೇಳಿದ್ದು ಅವನಿಗೆ ಎಷ್ಟು ಅನುಕೂಲವಾಯಿತು ಎಂಬುದು ಮೇಡಂಗೂ ಗೊತ್ತಿಲ್ಲ.

"ರೀ, ಒಳಗೇ ನಿದ್ದೆ ಮಾಡ್ಬಿಟ್ರಾ?" ಎಂದು ಹೆಂಡತಿ ಬಾಗಿಲು ತಟ್ಟಿದಳು.

ಸಂಜೆ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿದ್ದರು. ಎಣ್ಣೆಯ ಕಲೆ ಕಾಣದಂತೆ ಒಂದು ಜಮಖಾನ ಹಾಸಿದ್ದರೂ ಕಲೆ ಅದರಾಚೆಗೆ ಇಣುಕುತ್ತಿತ್ತು. ಮ್ಯಾನೇಜರರು ಹಿಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಅವನಿಗೆ ಹೆಬ್ಬೆರಳು ತೋರಿಸಿದರು. ಮುಂದಿನ ಸಾಲಿನಲ್ಲಿ, ಬೇರೆಲ್ಲ ಕುರ್ಚಿ ಖಾಲಿಯಿರುವಾಗಲೇ, ಮಾವ ಮತ್ತು ಹೆಂಡತಿ. ಮಾವ ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಪರೇಡು ಶುರುವಾಗುವುದನ್ನು ಕಾಯುವವರ ಹಾಗೆ ಕೂತಿದ್ದರು. ಜನ ಒಬ್ಬೊಬ್ಬರಾಗಿ ಬಂದರು. ಮೊದಲು ಯಾರದೋ ಕಾರು ಯಾರದೋ ಗೆರೆ ದಾಟಿದ್ದರ ಜಗಳ ನಡೆಯಿತು. ಆ ಜಗಳ ಬೆಳಗಿನ ತನಕ ನಡೆಯಲಿ ಎಂದು ಅವನು ಬೇಡಿಕೊಂಡ. ಸಂಘದ ಕಾರ್ಯದರ್ಶಿ, ಬಾಯಲ್ಲಿ ಸದಾ ಲವಂಗ ಇಟ್ಟುಕೊಂಡಿರುವ ಮನುಷ್ಯ, "ನಮ್ಮ ಬಿಲ್ಡಿಂಗಿನವರೇ, ಸ್ವಲ್ಪ ಬೇಗ ಮುಗಿಸ್ತಾರೆ," ಎಂದು ಅವನ ಕಡೆ ಕೈ ತೋರಿದ.

ಬಸುರಿಯ ಕಥೆ ಶುರುಮಾಡಿದ. ಶುರುವಿನಲ್ಲೇ ಅದು ಕುಂಟಿತು. ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತು ಎಂದವನು ಇನ್ನೆರಡು ಮಾತಿನಲ್ಲಿ ಐದನೇ ಮಹಡಿಯಿಂದ ಗಂಡನನ್ನು ಕೂಗಿಸಿದ. ಎರಡನೇ ಸಾಲಿನ ಹೆಂಗಸೊಬ್ಬರು, "ಮೊದ್ಲು ಮೂರು ಅಂದ್ರಲ್ಲ?" ಎಂದರು. ನಾಲ್ಕೈದು ಜನ ನಕ್ಕರು. "ಮಗು ಏನಾಯ್ತು, ಗಂಡೋ ಹೆಣ್ಣೋ?" ಎಂದು ಇನ್ಯಾರೋ ಕೇಳಿದರು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. "ಹೆಣ್ಣು," ಎಂದ, ಬೆವರುತ್ತ. "ಲಿಫ್ಟಲ್ಲೇನಾ?" "ಇಲ್ಲ, ಆಸ್ಪತ್ರೇಲಿ." "ಹಾಗಾದ್ರೆ ಲಿಫ್ಟಿಂದ ಏನ್ರೀ ತೊಂದ್ರೆ ಆಯ್ತು?" ಈ ಸಲ ನಗು ಹಿಂದಿನ ಸಾಲಿನವರೆಗೆ ಹೋಯಿತು. ಕಾರ್ಯದರ್ಶಿ ಲವಂಗವನ್ನು ಇನ್ನೊಂದು ದವಡೆಗೆ ಸರಿಸಿಕೊಂಡು, "ರೇಟ್ ಹೇಳ್ಬಿಡಿ ಸಾರ್, ಕಥೆ ಆಮೇಲೆ," ಎಂದ. ಜನ ಫೋನು ತೆಗೆದರು. ಮ್ಯಾನೇಜರರು ಕಾಲ ಮೇಲಿನ ಕಾಲು ಇಳಿಸಿ ಒಮ್ಮೆ ಕೆಮ್ಮಿದರು. ಅದಕ್ಕಿಂತ ಕಷ್ಟವಾದದ್ದು ಮಾವನ ಮುಖ ನೋಡಿದಾಗ. ಅವರು ಅವನ ಪರವಾಗಿ ನಾಚಿಕೊಂಡಿದ್ದರು. ತಮ್ಮ ಹುಡುಗ ಓಟದಲ್ಲಿ ಎಡವಿದಾಗ ಮಾಸ್ತರರು ನೋಡುವ ಹಾಗೆ, ಏಳು, ಏಳು ಎಂದು ಕಣ್ಣಲ್ಲೇ ಹೇಳುತ್ತ, ಗಲ್ಲವನ್ನು ಒಂದಿಷ್ಟು ಮೇಲೆತ್ತಿ ತೋರಿಸಿದರು. ಹೆಂಡತಿ ತಲೆ ತಗ್ಗಿಸಿ ಬಳೆ ತಿರುಗಿಸುತ್ತಿದ್ದಳು. ದೂರಿನ ಮೇಜಿನ ಫೋನು ಎಡಗಿವಿಯಲ್ಲಿ ಬಡಿದುಕೊಳ್ಳತೊಡಗಿತು.

"ನಂಗೆ ಬೇಕಾದ ಹಿರಿಯರೊಬ್ಬರಿದ್ದಾರೆ," ಎಂದ.

ಅವನು ಎಂದನೋ, ಬಾಯಿ ತಾನಾಗಿ ಎಂದಿತೋ. ಆಮೇಲೆ ಎಷ್ಟು ಸಲ ಯೋಚಿಸಿದರೂ ಅವನಿಗೆ ಇದು ಬಗೆಹರಿಯಲಿಲ್ಲ. ಅಪ್ಪ ಅನ್ನಲಿಲ್ಲವಲ್ಲ, ಮಾವ ಅನ್ನಲಿಲ್ಲವಲ್ಲ, ಊರು ಬೇರೆ ಮಾಡಿದೆನಲ್ಲ ಎಂದು ಹೇಳುತ್ತ ಹೇಳುತ್ತಲೇ ಲೆಕ್ಕ ಹಾಕಿದ್ದು ಮಾತ್ರ ನೆನಪಿದೆ. ದನಿ ತಾನಾಗಿ ತಗ್ಗಿತು, ಜನ ಕೇಳಲು ಮುಂದೆ ಬಾಗಿದರು. ಬಹಳ ಶಿಸ್ತಿನ ಮನುಷ್ಯ, ಎಂದ. ಜೀವನದಲ್ಲಿ ಯಾರ ಮುಂದೆಯೂ ತಲೆ ಬಾಗಿಸಿದವರಲ್ಲ, ಎಂದ. ಕರೆಂಟು ಹೋಯಿತು, ಕತ್ತಲೆ, ಗಂಟೆ ಒತ್ತಿದರೆ ಕೇಳುವವರಿಲ್ಲ. ಆ ಮಾತು ಹೇಳುವಾಗ ಅವನಿಗೆ ಏನೂ ಆಗಲಿಲ್ಲ, ಎಂದೂ ಆಗುತ್ತಿರಲಿಲ್ಲ. ಫೋನುಗಳು ಒಂದೊಂದಾಗಿ ಜೇಬಿಗೆ ಹೋದವು. ಮಾವನ ಕಡೆ ನೋಡಬಾರದು ಎಂದು ಕಾರ್ಯದರ್ಶಿಯ ದವಡೆಯನ್ನೇ ನೋಡಿದ, ಅದು ಅಲುಗಾಡುವುದನ್ನು ನಿಲ್ಲಿಸಿತ್ತು.

"ಕೊನೆಗೆ ಬಾಗಿಲು ತೆರೀತು. ಹೊರಗೆ ಇಷ್ಟು ಜನ ಗಾಬರಿಯಿಂದ ನಿಂತಿದ್ದಾರೆ. ಒಳಗಿಂದ ಅವರು ಆರಾಮಾಗಿ ಪೇಪರ್ ಓದ್ತಾ ನಡ್ಕೊಂಡು ಬಂದ್ರು."

ಅಲ್ಲಿ ನಿಲ್ಲಿಸಿದ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನಿಧಾನವಾಗಿ ಕಣ್ಣು ಹಾಯಿಸಿದ. ತುಟಿಗಳ ತುದಿ ಸಡಿಲವಾಗುವುದನ್ನು ಕಾದ.

"ಪೇಪರ್ ಮಾತ್ರ ಸೊಂಟದ ಕೆಳಗೆ ಹಿಡ್ಕೊಂಡಿದ್ರು."

ನಗು ಒಮ್ಮೆಲೇ ಎದ್ದಿತು. ಅದರೊಳಗೆ ಒಂದು ನಗುವನ್ನು ಅವನು ಗುರುತು ಹಿಡಿದ, ಮದುವೆಯಾದಾಗಿನಿಂದ ಕೇಳುತ್ತ ಬಂದದ್ದು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು, ತಡೆಯಲಾರದೆ, ಅಪ್ಪನ ತೋಳಿಗೆ ಹಣೆ ಒತ್ತಿ ನಗುತ್ತಿದ್ದಳು. ಗಂಡ ಬಿದ್ದಲ್ಲಿಂದ ಎದ್ದ ಎಂಬ ಸಮಾಧಾನವೂ ಆ ನಗುವಿನಲ್ಲಿ ಸೇರಿತ್ತು. ಮಾವ ಅವಳ ಕಡೆ ತಿರುಗಿದರು, ಅವಳು ನಗುವುದನ್ನು ನೋಡಿದರು, ತಾವೂ ನಕ್ಕರು. ಅವಳು ಎಷ್ಟು ನಕ್ಕಳೋ ಅಷ್ಟೇ ನಕ್ಕರು, ಹೆಚ್ಚಿಲ್ಲ ಕಮ್ಮಿಯಿಲ್ಲ. ಮಂಡಿಯ ಮೇಲಿದ್ದ ಅಂಗೈಗಳು ಜಾರಿ ಬಂದು ಮಡಿಲಲ್ಲಿ ಒಂದರ ಮೇಲೊಂದು ಕೂತಿದ್ದವು.

"ಆ ಪೇಪರ್ ಒದ್ದೆಯಾಗಿತ್ತು," ಎಂದ ಅವನು. ಇಷ್ಟು ಹೇಳಿದ ಮೇಲೆ ಅದನ್ನು ಹೇಳದೆ ಬಿಡುವ ದಾರಿ ಅವನಿಗೆ ಗೊತ್ತಿರಲಿಲ್ಲ. ಎಲ್ಲ ತಣ್ಣಗಾಯಿತು. ಯಾರೋ ಅಯ್ಯೋ ಪಾಪ ಎಂದರು.

ಆಮೇಲಿನದು ಸುಲಭ. ರೇಟು ಹೇಳಿದ, ಯಾರೂ ಚೌಕಾಸಿ ಮಾಡಲಿಲ್ಲ. ಕೈಗಳು ಎದ್ದವು. ಮ್ಯಾನೇಜರರು ಬಂದು ಅವನ ಬೆನ್ನು ಚಪ್ಪರಿಸಿ, "ಮೊದ್ಲು ಬೇಕಂತಲೇ ಒಂದು ಕೆಟ್ಟ ಕಥೆ ಹೇಳಿ ಆಮೇಲೆ ಇದನ್ನ ಹೇಳಿದ್ರಲ್ಲ, ಅದನ್ನೂ ಹೊಸಬರಿಗೆ ಕಲಿಸಿ," ಎಂದರು. ಅವನು ಹಲ್ಲು ಕಿರಿದ. ಎರಡನೇ ಸಾಲಿನ ಹೆಂಗಸು ಮಾವನ ಹತ್ತಿರ ಬಂದು, "ಎಷ್ಟು ಚೆನ್ನಾಗಿ ಮಾತಾಡ್ತಾರೆ ನಿಮ್ಮ ಅಳಿಯ," ಎಂದದ್ದು ಕೇಳಿಸಿತು. ಮಾವ ಏನೆಂದರೋ ಕೇಳಿಸಲಿಲ್ಲ.

ಮನೆ ಸೇರಿದ ಮೇಲೆ ಮಾವ ಬಾಲ್ಕನಿಯಲ್ಲಿ ಕೂತರು. ಬಟ್ಟೆ ಬದಲಿಸಲಿಲ್ಲ. ಒಣಹಾಕಿದ ಟವೆಲು ಅವರ ಮುಖಕ್ಕೆ ಆಗಾಗ ತಾಗುತ್ತಿತ್ತು, ಸರಿಸಲೂ ಇಲ್ಲ. ಅವನು ಒಳಗೆ ಹೊರಗೆ ಓಡಾಡಿದ. ಫ್ರಿಜ್ಜಿನ ಬಾಗಿಲು ತೆಗೆದು ಏನೂ ತೆಗೆದುಕೊಳ್ಳದೆ ಹಾಕಿದ. ಇವತ್ತು ಮಾತಾಡದಿದ್ದರೆ ಇನ್ನು ಯಾವತ್ತೂ ಆ ಮುಖವನ್ನು ಎದುರಿಸಲಾಗದು ಎಂಬುದು ಸ್ಪಷ್ಟವಿತ್ತು. ಮಾತಾಡಿದರೆ ಎಲ್ಲಿಯವರೆಗೆ ಮಾತಾಡಬೇಕು ಎಂಬುದು ಸ್ಪಷ್ಟವಿರಲಿಲ್ಲ. ಕೊನೆಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಮಾವ, ಕೆಳಗೆ... ಆ ಕಥೆ ಕೆಟ್ಟುಹೋಯ್ತು. ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಬಾಯಿ ತಪ್ಪಿ ಬಂದುಬಿಡ್ತು."

ಮಾವ ರಸ್ತೆಯ ಕಡೆಯೇ ನೋಡುತ್ತಿದ್ದರು.

"ಇವತ್ತೇ ಮೊದ್ಲಾ?"

"ಇವತ್ತೇ. ಇನ್ನೆಲ್ಲೂ ಹೇಳಿಲ್ಲ ಮಾವ. ನಿಮ್ಮಾಣೆ."

ಹೇಳಿದ ಮೇಲೆ ಅವನಿಗೆ ಮೈಯೆಲ್ಲ ಹಗುರವಾಯಿತು, ಆಣೆ ಇಟ್ಟಾಗಲೂ ಆಕಾಶ ಕಳಚಿ ಬೀಳಲಿಲ್ಲ. ಮಾವನ ಭುಜಗಳು, ಅವನು ಕಂಡಂತೆ ಮೊದಲ ಬಾರಿಗೆ, ಸ್ವಲ್ಪ ಕೆಳಗಿಳಿದವು.

"ಹೋಗ್ಲಿ ಬಿಡಿ," ಎಂದರು. "ಅಷ್ಟು ಜನರ ಮುಂದೆ ನಿಂತಾಗ ತಲೆ ಓಡಲ್ಲ. ನಂಗೂ ಗೊತ್ತು. ಬಾಯಿ ತಪ್ಪೋದು ಯಾರಿಗಾದ್ರೂ ಆಗುತ್ತೆ. ಅವಳಿಗಂತೂ ಅನುಮಾನ ಬಂದಿಲ್ಲ, ಅಲ್ವಾ?"

"ಇಲ್ಲ ಮಾವ."

"ಸಾಕು ಹಾಗಾದ್ರೆ." ಅವರು ಟವೆಲನ್ನು ಸರಿಸಿ, ಕೈ ಚಾಚಿ ಅವನ ಮಂಡಿಯನ್ನು ಒಮ್ಮೆ ತಟ್ಟಿದರು. ಅವನು ಆ ಕೈಯ ಮೇಲೆ ತನ್ನ ಕೈ ಇಟ್ಟ. ತಪ್ಪಿಸಿಕೊಂಡೆ ಎಂಬ ಸಂತೋಷಕ್ಕೋ, ಈ ಮನುಷ್ಯನ ಮೇಲೆ ಉಕ್ಕಿದ ಪ್ರೀತಿಗೋ, ಬೇರೆ ಮಾಡಲು ಆಗಲಿಲ್ಲ. ಬೀದಿಯಲ್ಲಿ ಯಾರೋ ಗಾಡಿ ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ.

ಒಳಗೆ ಹೆಂಡತಿ ತಂಗಿಗೆ ಫೋನು ಮಾಡಿದ್ದಳು. ಗಂಡ ಮೀಟಿಂಗು ಗೆದ್ದ ಸುದ್ದಿ, ಮ್ಯಾನೇಜರ್ ಬೆನ್ನು ತಟ್ಟಿದ್ದು, ಆಮೇಲೆ, "ಏ ಕೇಳೇ ಇಲ್ಲಿ, ಒಂದು ಕಥೆ ಹೇಳಿದ್ರು, ನಕ್ಕೂ ನಕ್ಕೂ ಸಾಕಾಯ್ತು, ಒಬ್ರು ವಯಸ್ಸಾದವರು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿರ್ತಾರೆ..." ಬಾಲ್ಕನಿಯ ಇಬ್ಬರಿಗೂ ಒಂದೊಂದು ಮಾತೂ ಕೇಳುತ್ತಿತ್ತು. ಎದ್ದು ಬಾಗಿಲು ಹಾಕಬಹುದಿತ್ತು. ಹಾಕಿದರೆ ಯಾಕೆ ಎಂದು ಅವಳು ಕೇಳುತ್ತಾಳೆ. ಇಬ್ಬರೂ ಅಲುಗದೆ ಕೂತರು. ಅವಳು ಶಿಸ್ತಿನ ವಿಷಯ ಬಿಟ್ಟಳು, ಗಂಟೆಯ ವಿಷಯ ಬಿಟ್ಟಳು, ನಡುವೆ ಅಡುಗೆಯ ಮಾತು ತಂದಳು, ಮತ್ತೆ ಲಿಫ್ಟಿಗೆ ಬಂದಳು. ಅವನ ಕಿವಿ ಅವಳ ದನಿಗೇ ಅಂಟಿತು. "...ಬಾಗಿಲು ತೆಗೆದ್ರೆ, ಪೇಪರ್ನ ಸೊಂಟದ ಕೆಳಗೆ ಹಿಡ್ಕೊಂಡು ಓದ್ತಾ ಬಂದ್ರಂತೆ!" ಎಂದು ಒಂದೇ ಉಸಿರಿಗೆ ಹೇಳಿ ತಾನೇ ನಕ್ಕಳು. ಆ ಕಡೆಯಿಂದ ತಂಗಿ ಏನೋ ಕೇಳಿರಬೇಕು, ಇವಳು ಮತ್ತೆ ಮೊದಲಿನಿಂದ ಬಿಡಿಸಿ ಹೇಳತೊಡಗಿದಳು.

ಮಾವನ ಮುಖದಲ್ಲಿ ಸಣ್ಣದೊಂದು ನಗೆ ಮೂಡಿತು. ಎಲ್ಲ ಮುಗಿದುಹೋದ ಮೇಲೆ, ಇಬ್ಬರಿಗೆ ಮಾತ್ರ ಗೊತ್ತಿರುವ ವಿಷಯಕ್ಕೆ ಬರುವಂಥ ನಗೆ.

"ಅವಳು ಸ್ವಲ್ಪ ಬೇಗ ಹೇಳ್ಬಿಟ್ಲು, ಅಲ್ವಾ?" ಎಂದರು ಮೆಲ್ಲಗೆ.

"ಹೌದು ಮಾವ," ಎಂದ ಅವನು, ಕಿವಿ ಇನ್ನೂ ಒಳಗಿನ ದನಿಯ ಮೇಲೇ ಇತ್ತು. "ಓದ್ತಾ ಬಂದ್ರು ಅಂತ ಹೇಳಿ ಅಲ್ಲಿ ನಿಲ್ಲಿಸ್ಬೇಕು. ಎಲ್ರ ಮುಖ ಒಂದ್ಸಲ ನೋಡ್ಬೇಕು. ಇಲ್ದಿದ್ರೆ ಎಲ್ಲಿ ಹೇಳಿದ್ರೂ ನಗು ಪೂರ್ತಿ ಬರಲ್ಲ."

ಮಾವ ಅವನ ಕಡೆ ತಿರುಗಿದರು. ನಗೆ ಇನ್ನೂ ಮುಖದಲ್ಲಿಯೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

"ಎಲ್ಲೆಲ್ಲಿ ನಕ್ರು?" ಎಂದು ಕೇಳಿದರು.